ಒಳಹಲ್ಲಿನ ಪಸೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನಾಳೆಯೇ ಗಲ್ಲ ಹಿಡಿದುಕೊಂಡು ಅಲ್ಲಿಗೆ ಹೊರಡುತ್ತೀರಿ, ಅಜ್ಜಾರಿಗೆ ಊಟಕ್ಕೂ ಪುರಸೊತ್ತು ಸಿಗುವುದಿಲ್ಲ.

ಅಜ್ಜಾರು ಎಂದರೆ ಅಡಿವೆಪ್ಪಜ್ಜ. ಹಿಂದೆ ದಂತವೈದ್ಯರ ಕಾಲೇಜಿನಲ್ಲಿ ಪಾಠ ಹೇಳಿದವರು. ಈಗ ಆಶ್ರಮದ ಪಡಸಾಲೆಯಲ್ಲಿ ಒಂದು ಹಳೆಯ ಕುರ್ಚಿ ಹಾಕಿಕೊಂಡು ಬಂದವರ ಹಲ್ಲು ನೋಡುತ್ತಾರೆ. ಅವರ ಹತ್ತಿರ ಧ್ಯಾನ ಕಲಿಯಲು ಬರುವವರೂ ಇದ್ದಾರೆ. ಅವರಿಗೂ ಮೊದಲು ಬಾಯಿ ತೆರೆಯಲು ಹೇಳುತ್ತಾರೆ.

"ಹಲ್ಲು ನೋಯ್ಸ್ಕೊಂಡು ಕುಂತವಗ ಎಂಥಾ ಧ್ಯಾನ?" ಎನ್ನುತ್ತಾರೆ.

ನೀಲಾಂಬಿಕೆ ಅವರ ಶಿಷ್ಯೆ. ಓದು ಮುಗಿಸಿ, ಕೈ ಪಳಗಿಸಿಕೊಳ್ಳಲು ಬಂದವಳು. ಬಲು ಚುರುಕು, ಬಲು ಅಚ್ಚುಕಟ್ಟು. ಮಾತು ಮಾತ್ರ ಕಡಿಮೆ. "ಬಾಯಿ ತೆಗೀರಿ. ಉಗುಳ್ರಿ. ಏಳ್ರಿ." ಇಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು.

ಕಾಲೇಜಿನಲ್ಲಿ ಒಮ್ಮೆ ಅವಳ ಕಣ್ಣಲ್ಲಿ ನೀರು ಕಂಡ ಹಿರಿಯರೊಬ್ಬರು, ಅಳುವ ಡಾಕ್ಟರ ಹತ್ತಿರ ಯಾರು ಬರುತ್ತಾರೆ ಎಂದಿದ್ದರಂತೆ. ಆವತ್ತಿನಿಂದ ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ. ಎಂಥೆಂಥ ಮಾತು ಎಲ್ಲೆಲ್ಲಿ ಹೋಗಿ ಕೂರುತ್ತದೋ, ಆಡಿದವರಿಗೇನು ಗೊತ್ತು!

ಒಂದು ಬೆಳಿಗ್ಗೆ ಯಮನಪ್ಪ ಬಂದ.

ಯಮನಪ್ಪ ಸನಾದಿ ನುಡಿಸುವವನು. ದಿನಾ ಮುಂಜಾನೆ ಆಶ್ರಮದ ಪೂಜೆಗೆ ಅವನ ಸನಾದಿಯೇ ಆಗಬೇಕು. ಸುತ್ತಲ ಹಳ್ಳಿಗಳ ಮದುವೆಗೂ ಅವನೇ. ಅವನ ಮುಂದಿನ ಮೇಲುಹಲ್ಲು ವಸಡಿನ ಹತ್ತಿರ ಸವೆದು ಕುಳಿಬಿದ್ದಿತ್ತು. ವರ್ಷಗಟ್ಟಲೆ ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಉಜ್ಜಿ ತಾನೇ ಮಾಡಿಕೊಂಡದ್ದು. ನೀಲಾ ಆ ಕುಳಿಯನ್ನು ತುಂಬಿದ್ದಳು. ಬಿದ್ದಿತ್ತು. ಮತ್ತೆ ತುಂಬಿದ್ದಳು.

ಈಗ ಅವನು ಧೋತರದ ಗಂಟು ಬಿಚ್ಚಿ, ಬಿಳಿಯ ಒಂದು ಚೂರನ್ನು ಅಂಗೈ ಮೇಲಿಟ್ಟು ತೋರಿಸಿದ.

"ಇದೂ ಬಿತ್ರಿ ಅಕ್ಕಾರ."

"ಯಾವಾಗ?"

"ರೊಟ್ಟಿ ತಿನ್ನಾಗ್ರಿ. ಕಡಕ್ ರೊಟ್ಟಿನೂ ಅಲ್ರಿ, ಮೆತ್ತನ್ನ ರೊಟ್ಟಿ."

ನೀಲಾ ಆ ಚೂರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಬಿದ್ದದ್ದಕ್ಕ ನನಗ ಬ್ಯಾಸರ ಇಲ್ರಿ," ಎಂದ ಯಮನಪ್ಪ. "ಅದು ಇದ್ದಾಗನೂ ಜುಮ್ ಅಂತಿತ್ತು, ಬಿದ್ದಮ್ಯಾಲೂ ಜುಮ್ ಅಂತೈತಿ. ಉಸಿರು ಎಳಕೊಂಡ್ರ ಸಾಕು, ಸೂಜಿ ಚುಚ್ಚಿದಂಗ ಆಗತೈತಿ. ಉಸಿರು ಎಳಕೊಳ್ಳದ ಸನಾದಿ ಹೆಂಗ ನುಡಸಲ್ರಿ? ಕಿತ್ತು ಬಿಡ್ರಿ."

"ಕಿತ್ತರ ನುಡಸಾಕ ಆಗತೈತೇನು?"

ಯಮನಪ್ಪ ನೆಲ ನೋಡಿದ. ಮುಂದಿನ ಹಲ್ಲು ಹೋದರೆ ತುಟಿಗೆ ಆಸರೆಯಿಲ್ಲ. ತುಟಿಗೆ ಆಸರೆಯಿಲ್ಲದಿದ್ದರೆ ಸನಾದಿ ಬಾಯಲ್ಲಿ ನಿಲ್ಲುವುದಿಲ್ಲ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಆಗೂದಿಲ್ರಿ," ಎಂದ. "ಆದ್ರ ಈಗೂ ಆಗವಲ್ದು. ನೋವರ ತಪ್ಪಲಿ."

ನೀಲಾ ಅವನನ್ನು ಕೂರಿಸಿ ಒಳಗೆ ಹೋದಳು. ಅಜ್ಜಾರು ಅಡುಗೆಮನೆಯ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

"ಅಜ್ಜಾರ, ಯಮನಪ್ಪನ ಹಲ್ಲು ಕೀಳಬೇಕ್ರಿ."

"ಹಲ್ಲು ಹೇಳ್ತೋ, ಯಮನಪ್ಪ ಹೇಳಿದ್ನೋ?"

"ನಾನ ಹೇಳಾಕತ್ತೀನ್ರಿ. ನನ್ನ ಕೈಯಾಗ ಅದು ನಿಲ್ಲವಲ್ದು. ನೀವ ಕಿತ್ತುಬಿಡ್ರಿ. ನಾನು ಊರಿಗೆ ಹೋಗ್ತೀನಿ. ಈ ಕೆಲಸ ನನಗಲ್ಲ."

ಅವಳ ದನಿ ನಡುಗಲಿಲ್ಲ. ಮುಖ ಗೋಡೆಯ ಹಾಗಿತ್ತು. ಅಜ್ಜಾರು ಅವಳನ್ನೇ ನೋಡಿದರು, ಒಂದು ಶೇಂಗಾ ಒಡೆದು ಅವಳ ಕೈಗಿಟ್ಟರು.

"ತಿನ್ನು. ಹೆಂಗ ತುಂಬಿದಿ, ಹೇಳು."

"ಕಲಿಸಿದಂಗ ತುಂಬಿನ್ರಿ. ಮೊದಲ ಕುಳಿ ಸ್ವಚ್ಛ ಮಾಡಿದೆ. ಆಸಿಡ್ ಹಚ್ಚಿದೆ. ತೊಳದೆ. ಒಣಗಿಸಿದೆ. ಅಂಟು ಹಚ್ಚಿ ನೀಲಿ ಬೆಳಕು ಹಿಡದೆ. ಆಮ್ಯಾಲೆ ತುಂಬಿದೆ."

"ಎಷ್ಟು ಒಣಗಿಸಿದಿ?"

ಈ ಪ್ರಶ್ನೆಗೆ ಅವಳ ಮುಖದಲ್ಲಿ ಸ್ವಲ್ಪ ಜೀವ ಬಂತು. ತನ್ನ ಕೆಲಸದಲ್ಲಿ ಅವಳಿಗೆ ಹೆಮ್ಮೆಯಿದ್ದ ಭಾಗ ಅದೇ.

"ಪೂರಾ, ಅಜ್ಜಾರ. ಗಾಳಿ ಹೊಡದು ಹೊಡದು ಸುಣ್ಣದಂಗ ಬೆಳ್ಳಗ ಆಗೂತನಾ. ಒಂದು ಹನಿ ಉಳಿಸಿಲ್ಲ. ಎರಡನೇ ಸಲ ಇನ್ನೂ ಜಾಸ್ತಿ ಒಣಗಿಸಿದೆ."

"ಯಾಕ?"

"ಹಸಿ ಇದ್ದಲ್ಲಿ ಅಂಟು ಹಿಡಿಯೂದಿಲ್ಲಲ್ರಿ! ಚಕ್ಕಡಿ ಗಾಲಿಗೆ ಬಣ್ಣ ಹಚ್ಚೋರೂ ಒಣಗಿಸೇ ಹಚ್ಚತಾರ."

ಅಜ್ಜಾರು ಮಡಿಲಿನ ಸಿಪ್ಪೆ ಕೊಡವಿ ಎದ್ದರು. ಅಡುಗೆಯವರ ಹತ್ತಿರ ಒಂದು ಬಟ್ಟಲು ತೆಳು ಬೆಲ್ಲದ ಪಾಕ ಕೇಳಿ ಇಸಿದುಕೊಂಡು, ಅದಕ್ಕೆ ಒಂದು ಚಿಟಿಕೆ ಅರಿಸಿನ ಹಾಕಿ ಕಲಸಿದರು.

"ಯಮನಪ್ಪಾ, ಅಲ್ಲೇ ಕುಂದ್ರು. ಶೇಂಗಾ ತಿನಬ್ಯಾಡ," ಎಂದು ಕೂಗಿ ಹೇಳಿ ಹೊಳೆಯ ಕಡೆ ನಡೆದರು. "ಬಾ ನೀಲಾ."

ದಂಡೆಯ ಅಂಚಿನ ನೀರಿನಲ್ಲಿ ಪಾಚಿ ಬೆಳೆದ ಕಲ್ಲುಗಳು ಬಿದ್ದಿದ್ದವು. ಅಜ್ಜಾರು ಒಂದನ್ನು ತೋರಿಸಿದರು.

"ಏನು ಕಾಣತೈತಿ?"

"ಪಾಚಿ ರೀ."

"ಸರಿಯಾಗಿ ನೋಡು."

ನೀಲಾ ಬಗ್ಗಿದಳು. ನೀರಿನೊಳಗೆ ಪಾಚಿಯ ಎಳೆಗಳು ಒಂದೊಂದೂ ಬೇರೆ ಬೇರೆಯಾಗಿ, ನೆಟ್ಟಗೆ ನಿಂತಿದ್ದವು. ನಡುನಡುವೆ ಸಣ್ಣ ಮೀನು ತೂರಿ ಹೋಗುವಷ್ಟು ಸಡಿಲವಾಗಿದ್ದವು.

"ಎಳಿ ಎದ್ದು ನಿಂತಾವ್ರಿ."

"ಕಲ್ಲು ಹೊರಗ ತೆಗಿ. ಬಿಸಿಲಿಗಿಡು. ನಿನ್ನ ಸೆರಗಿನಿಂದ ಗಾಳಿ ಹಾಕು. ನಿನಗದು ಛಲೋ ಬರತೈತಿ."

ಅವಳಿಗೆ ಸಿಟ್ಟು ಬಂತು. ಆದರೂ ಗಾಳಿ ಹಾಕಿದಳು. ಸ್ವಲ್ಪ ಹೊತ್ತಿಗೆ ನೀರು ಇಳಿದುಹೋಗಿ ಎಳೆಗಳೆಲ್ಲ ಒಂದರ ಮೇಲೊಂದು ಬಿದ್ದು, ಅಂಟಿಕೊಂಡು, ಕಲ್ಲಿನ ಮೇಲೆ ಒಂದು ಚಪ್ಪಟೆ ಚರ್ಮವಾದವು.

ಅಜ್ಜಾರು ಬಟ್ಟಲು ಅವಳ ಕೈಗೆ ಕೊಟ್ಟರು. "ಹೊಯ್ಯಿ."

ಹಳದಿ ಪಾಕ ಆ ಚರ್ಮದ ಮೇಲೆ ನಿಂತಿತು. ಕೆಲವು ಹನಿ ಪಕ್ಕಕ್ಕೆ ಜಾರಿದವು. ಅಜ್ಜಾರು ಉಗುರಿನಿಂದ ಪಾಚಿಯ ಅಂಚನ್ನು ಕೆರೆದು ಎತ್ತಿದರು. ಕೆರೆದ ಕಡೆಯ ಪದರ ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಕಲ್ಲು ಇದ್ದ ಹಾಗೇ ಇತ್ತು. ಹಳದಿಯ ಗುರುತೂ ಇರಲಿಲ್ಲ.

ನೀಲಾ ಕೈಯಲ್ಲಿದ್ದ ಬಟ್ಟಲು ಹಾಗೇ ಹಿಡಿದು ನಿಂತಳು.

"ಇದು ಯಮನಪ್ಪನ ಹಲ್ಲೇನ್ರಿ?"

"ನಿನಗ ಗೊತ್ತು."

ಅವಳಿಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಅಂಕ ತೆಗೆದುಕೊಂಡು ಅಲ್ಲಿಗೇ ಮರೆತಿದ್ದಳು. ಹಲ್ಲಿನ ಹೊರಗವಚ ಬರೀ ಕಲ್ಲಿನ ಜಾತಿ. ಅದರ ಒಳಗಿನ ಡೆಂಟಿನ್, ಎಂದರೆ ಯಮನಪ್ಪನ ಕುಳಿಯಲ್ಲಿ ಬಯಲಾಗಿದ್ದ ಒಳಹಲ್ಲು, ಹಾಗಲ್ಲ. ಆಸಿಡ್ ಹಚ್ಚಿ ತೊಳೆದಾಗ ಅದರ ಮೇಲ್ಭಾಗದ ಕಲ್ಲಂಶ ಕರಗಿ, ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಉಳಿಯುತ್ತವೆ. ಅಂಟು ಆ ನಾರುಗಳ ನಡುವೆ ಇಳಿದು ಗಟ್ಟಿಯಾದರೆ ಮಾತ್ರ ಹಿಡಿತ. ನಾರುಗಳು ನೆಟ್ಟಗೆ ನಿಲ್ಲಲು ಪಸೆ ಬೇಕು.

"ಹೊರಗವಚಕ್ಕ ಒಣಗಿಸಿದ್ದು ಸರಿ ಇತ್ತಲ್ರಿ?" ಎಂದಳು ಮೆಲ್ಲಗೆ.

"ಅಲ್ಲಿಗೆ ಸರಿ. ಹೊರಗಿನದಕ್ಕ ಕಲಿತದ್ದನ್ನ ಒಳಗಿನದಕ್ಕೂ ಮಾಡಿದಿ."

ನೀಲಾ ತಟ್ಟನೆ ಇನ್ನೊಂದು ಕಲ್ಲು ಹುಡುಕಿದಳು. ಮೊಣಕಾಲಿನವರೆಗೆ ನೀರಿಗಿಳಿದು, ನೀರಿನೊಳಗೇ ನೆಟ್ಟಗೆ ನಿಂತ ಪಾಚಿಯ ಮೇಲೆ ಪಾಕ ಹೊಯ್ದಳು. ಪಾಕ ಹಳದಿ ಹೊಗೆಯಾಗಿ ನೀರಿನ ಜೊತೆ ತೇಲಿ ಹೋಯಿತು. ಒಂದು ಮೀನು ಬಂದು ರುಚಿ ನೋಡಿತು.

ಅಜ್ಜಾರು ನಕ್ಕುಬಿಟ್ಟರು. "ಒಂದು ದಂಡಿಯಿಂದ ಇನ್ನೊಂದು ದಂಡಿಗೆ ಜಿಗದಿ. ನಡುವ ಹೊಳಿ ಐತಿ, ನೋಡಿಲ್ಲೇನು?"

"ಹಂಗಾದ್ರ ಎಷ್ಟು ನೀರು ಇರಬೇಕ್ರಿ?"

"ಎಳಿ ನಿಲ್ಲುವಷ್ಟು. ನೀರು ನಿಲ್ಲದಷ್ಟು."

"ಅದೆಷ್ಟು?"

ಅಜ್ಜಾರು ಧೋತರ ಮೇಲೆತ್ತಿಕೊಂಡು ಕಾಲು ತೊಳೆಯತೊಡಗಿದರು.

ನೀಲಾ ಬಹಳ ಹೊತ್ತು ಆ ಕಲ್ಲುಗಳ ಜೊತೆ ಕೂತಳು. ಒಂದನ್ನು ಎತ್ತಿ, ನೀರು ಸೋರಲು ಬಿಟ್ಟು, ಸೆರಗಿನ ತುದಿಯಿಂದ ಒತ್ತಿ ನೋಡಿದಳು. ಒಣಗಿದ್ದು ಹೆಚ್ಚಾಯಿತು. ಇನ್ನೊಂದನ್ನು ಬರೀ ಬೆರಳಿನಿಂದ ಮುಟ್ಟಿ ನೀರು ತೆಗೆದಳು. ಒಣಗಿದ್ದು ಕಡಿಮೆಯಾಯಿತು. ಕೊನೆಗೆ ಒಂದು ಕಲ್ಲಿನ ಮೇಲೆ ಎಳೆಗಳು ಮಲಗಲಿಲ್ಲ, ನೀರೂ ಹರಿಯಲಿಲ್ಲ. ಬಿಸಿಲಿಗೆ ಓರೆ ಮಾಡಿ ಹಿಡಿದರೆ ತೆಳ್ಳಗೆ ಮಿನುಗಿತು. ಪಾಕ ಹೊಯ್ದಳು. ಪಾಕ ಸದ್ದಿಲ್ಲದೆ ಒಳಗಿಳಿಯಿತು. ಕೆರೆದರೆ ಬುಡದವರೆಗೂ ಹಳದಿ.

ಅವಳು ಖುಷಿಯಿಂದ ತಲೆಯೆತ್ತಿದಳು. ಮರುಗಳಿಗೆಯೇ ಆ ಖುಷಿ ಇಳಿದುಹೋಯಿತು.

"ಅಜ್ಜಾರ... ನಾನು ಒಣಗಿಸಿದ ಒಳಹಲ್ಲು? ಅದರ ಕಥಿ ಮುಗೀತಲ್ಲ?"

ಇದೇ ಅವಳ ನಿಜವಾದ ಭಯ. ತುಂಬಿದ್ದನ್ನು ಬೀಳಿಸಿಕೊಂಡು ಬಂದ ಮನುಷ್ಯನ ಹಲ್ಲನ್ನು ತಾನೇ ಕೊಂದೆನೇ ಎಂಬ ಭಯ. ಅದನ್ನು ಬೆಳಗಿನಿಂದ ಬಾಯಿಬಿಟ್ಟು ಹೇಳಿರಲಿಲ್ಲ.

ಅಜ್ಜಾರು ಮೊದಲಿನ ಕಲ್ಲನ್ನು ಕಾಲಿನಿಂದ ಅವಳತ್ತ ಸರಿಸಿದರು. ಅವರು ಕೆರೆಯದೆ ಬಿಟ್ಟಿದ್ದ ಕಡೆ ಪಾಚಿ ಇನ್ನೂ ಚಪ್ಪಟೆಯಾಗಿ ಬಿದ್ದಿತ್ತು. ಒಂದು ಬೊಗಸೆ ನೀರು ತೆಗೆದು ಅದರ ಮೇಲೆ ಹಾಕಿದರು.

ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಎದ್ದವು. ನಿಂತವು.

ನೀಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಹೊಳೆಗೆ ಹಾಕಿದಂತಾಯಿತು.

"ಏಳತಾವ್ರಿ!"

"ಸಿಟ್ಟು ಇಟ್ಕೊಂಡಿಲ್ಲ ನೋಡು," ಎಂದರು ಅಜ್ಜಾರು. "ನಡಿ. ಯಮನಪ್ಪ ಶೇಂಗಾ ಪೂರಾ ಮುಗಿಸಿರತಾನ."

ಮುಗಿಸಿರಲಿಲ್ಲ. ಹಲ್ಲು ಜುಮ್ಮೆನ್ನುವವನು ಏನು ತಿಂದಾನು, ಪಾಪ. ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ.

ನೀಲಾ ಅವನ ಎದುರು ಕೂತಳು. ಎಂದೂ ಕೇಳದ್ದನ್ನು ಕೇಳಿದಳು.

"ಯಮನಪ್ಪಣ್ಣ, ಮುಂಜಾನೆ ನೀವು ಮೊದಲ ಏನು ನುಡಸತೀರಿ?"

ಯಮನಪ್ಪ ಬೆರಗಾದ. "ಭೂಪಾಳಿ ರೀ, ದೇವರನ್ನ ಎಬ್ಬಸೂ ಪದ. ಯಾಕ್ರಿ?"

"ಒಂದು ಸಲ ಮಾಡಿ ನೋಡೂಣು. ಈ ಸಲ ಬಿದ್ರ ಅಜ್ಜಾರ ಕೈಯಾಗ ಕೀಳಸೂಣು. ಹೂಂ ಅಂತೀರೇನು?"

ಅವನು ಅವಳ ಮುಖ ನೋಡಿದ. ಕೀಳಬೇಕೆಂದು ಗಟ್ಟಿ ಮನಸ್ಸು ಮಾಡಿ ಬಂದವನು. ಆದರೆ ಅಕ್ಕಾರು ಅಣ್ಣ ಎಂದಿದ್ದರಲ್ಲ.

"ಹೂಂ ರೀ," ಎಂದು ಬಾಯಿ ತೆರೆದ.

ಅಜ್ಜಾರು ಬಾಗಿಲಲ್ಲಿ ಕೂತು ಮತ್ತೆ ಶೇಂಗಾ ಸುಲಿಯತೊಡಗಿದರು. ಪಟ್. ಪಟ್.

ನೀಲಾ ಕುಳಿಯ ಒಳಗೆ ಉಳಿದಿದ್ದ ಹಳೆಯ ಅಂಟನ್ನು ಕೆರೆದು ತೆಗೆದಳು. ಆಸಿಡ್ ಹಚ್ಚಿದಳು. ತೊಳೆದಳು. ಗಾಳಿಯ ನಳಿಗೆ ಕೈಗೆ ಬಂತು.

ಕೈಗೆ ಅದರದೇ ಅಭ್ಯಾಸ. ಮನಸ್ಸು ಹೊಳೆಯಲ್ಲಿತ್ತು, ಬೆರಳು ಕಾಲೇಜಿನಲ್ಲಿತ್ತು. ಗಾಳಿ ಹೊಡೆಯಿತು, ಹೊಡೆಯುತ್ತಲೇ ಇತ್ತು. ಅವಳಿಗೆ ಎಚ್ಚರವಾಗುವಷ್ಟರಲ್ಲಿ ಒಳಹಲ್ಲು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಬಾಗಿಲಲ್ಲಿ ಶೇಂಗಾದ ಸದ್ದು ನಿಂತಿತು.

ನೀಲಾ ಗಾಳಿ ನಿಲ್ಲಿಸಿದಳು. ಅಜ್ಜಾರು ಎದ್ದು ಬರುತ್ತಾರೆ, ನಳಿಗೆ ಕಿತ್ತುಕೊಳ್ಳುತ್ತಾರೆ ಎಂದುಕೊಂಡಳು. ಯಾರೂ ಬರಲಿಲ್ಲ. ಯಮನಪ್ಪ ಬಾಯಿ ತೆರೆದುಕೊಂಡು, ಅವಳನ್ನು ನಂಬಿಕೊಂಡು ಕೂತಿದ್ದ.

ಅವಳು ನಳಿಗೆ ಕೆಳಗಿಟ್ಟಳು. ಸಣ್ಣದೊಂದು ಹತ್ತಿಯ ಉಂಡೆಯನ್ನು ನೀರಿಗೆ ಅದ್ದಿ, ಹಿಂಡಿ, ಕುಳಿಯ ಒಳಗೆ ಮೆಲ್ಲಗೆ ಒತ್ತಿದಳು. ಎಳೆಗಳಿಗೆ ಏಳಲು ಬಿಡುವು ಕೊಟ್ಟು ಸುಮ್ಮನೆ ಕಾದಳು. ತೆಗೆದಳು. ದೀಪವನ್ನು ಓರೆ ಮಾಡಿದಳು.

ಸುಣ್ಣದ ಬಣ್ಣ ಹೋಗಿತ್ತು. ತೆಳ್ಳಗೆ ಮಿನುಗಿತು. ನೀರು ನಿಂತಿರಲಿಲ್ಲ.

ಪಟ್, ಎಂದಿತು ಬಾಗಿಲಲ್ಲಿ ಶೇಂಗಾ.

ಅಂಟನ್ನು ಅವಸರವಿಲ್ಲದೆ ತಿಕ್ಕಿ ತಿಕ್ಕಿ ಹಚ್ಚಿದಳು. ನೀಲಿ ಬೆಳಕು ಹಿಡಿದಳು. ತುಂಬಿದಳು. ಮತ್ತೆ ಬೆಳಕು. ಅಂಚು ನಯ ಮಾಡಿದಳು.

"ಉಸಿರು ಎಳಕೊಳ್ರಿ, ಅಣ್ಣ."

ಯಮನಪ್ಪ ಹೆದರಿ ಹೆದರಿ ಒಂದಿಷ್ಟು ಎಳೆದುಕೊಂಡ. ನಿಲ್ಲಿಸಿದ. ಇನ್ನಷ್ಟು ಎಳೆದುಕೊಂಡ. ಆಮೇಲೆ ಸನಾದಿ ನುಡಿಸುವವನು ಮಾತ್ರ ಎಳೆದುಕೊಳ್ಳಬಲ್ಲಂಥ ಉದ್ದನೆಯ ಉಸಿರು, ಎದೆ ತುಂಬ.

"ಚುಚ್ಚವಲ್ದು," ಎಂದ. ಅವನಿಗೇ ನಂಬಿಕೆ ಬರಲಿಲ್ಲ. "ಚುಚ್ಚವಲ್ದು ರೀ ಅಕ್ಕಾರ."

"ಈಗ ಚುಚ್ಚೂದಿಲ್ಲ," ಎಂದಳು ನೀಲಾ. "ನಿಲ್ಲತೈತೋ ಇಲ್ಲೋ ನೋಡಬೇಕು."

ಮರುದಿನ ಮುಂಜಾನೆ ಅವಳು ಬೇಗ ಎದ್ದು ಕಿವಿಗೊಟ್ಟಳು. ಸನಾದಿ ಕೇಳಲಿಲ್ಲ. ಪೂಜೆ ಬರೀ ಗಂಟೆಯ ಸದ್ದಿನಲ್ಲಿ ಮುಗಿಯಿತು. ಅದರ ಮರುದಿನವೂ ಹಾಗೇ. ವಾರವಿಡೀ ಹಾಗೇ.

"ಬಿದ್ದಿರಬೇಕ್ರಿ," ಎಂದಳು ಅಜ್ಜಾರಿಗೆ. "ನಾಚಿಕೊಂಡು ಬಂದಿಲ್ಲ. ಪೇಟಿಗೆ ಹೋಗಿ ಕೀಳಿಸಿರತಾನ."

"ಇರಬಹುದು," ಎಂದರು ಅಜ್ಜಾರು.

"ಹಂಗ ಅನಬ್ಯಾಡ್ರಿ ನೀವು!"

"ಹಂಗಾದ್ರ ಇಲ್ಲ."

ಅವಳಿಗೆ ಊಟ ಸೇರಲಿಲ್ಲ. ಆದರೂ ಬಂದವರ ಹಲ್ಲು ನೋಡಿದಳು. ಈಗ ಒಬ್ಬೊಬ್ಬರನ್ನೂ ಎರಡು ಮಾತು ಕೇಳುತ್ತಿದ್ದಳು. ಒಬ್ಬ ಅಜ್ಜಿ, ಹಲ್ಲು ತೋರಿಸುವುದನ್ನು ಬಿಟ್ಟು ಸೊಸೆಯ ಕಥೆ ಶುರುಮಾಡಿದ್ದೂ ಉಂಟು. ಅದನ್ನೂ ಕೇಳಿದಳು.

ಆಮೇಲೆ ಒಂದು ದಿನ, ಇನ್ನೂ ಮಬ್ಬು ಹರಿಯುವ ಹೊತ್ತಿಗೆ, ಹೊಳೆಯ ಕಡೆಯಿಂದ ಭೂಪಾಳಿ ಬಂತು.

ಮೊದಲು ಒಂದು ಎಳೆ. ಆಮೇಲೆ ತುಂಬಿಕೊಂಡು, ಎಲ್ಲೂ ತಡೆಯಿಲ್ಲದೆ. ಒಂದು ಸ್ವರವನ್ನು ಯಮನಪ್ಪ ಎಷ್ಟು ಉದ್ದ ಹಿಡಿದನೆಂದರೆ, ಕೇಳುತ್ತ ನಿಂತ ನೀಲಾಳಿಗೇ ಉಸಿರು ಸಾಲದಾಯಿತು.

ಅವಳು ಬರಿಗಾಲಲ್ಲಿ ಓಡಿದಳು. ಯಮನಪ್ಪ ದಂಡೆಯ ಕಲ್ಲಿನ ಮೇಲೆ ಕೂತಿದ್ದ. ಅವಳನ್ನು ಕಂಡು ಸನಾದಿ ಇಳಿಸಿದ.

"ಎಲ್ಲಿ ಹೋಗಿದ್ರಿ?" ಅವಳು ಏದುಸಿರು ಬಿಡುತ್ತಿದ್ದಳು. "ಹಲ್ಲು? ಹಲ್ಲು ಏನಾತು?"

"ಹೊಳಿ ಆಚೆ ಊರಾಗ ಮದುವಿ ಇತ್ತಲ್ರಿ, ಬೀಗರು ಬಿಡಲಿಲ್ಲ. ಹೋಳಿಗಿ, ಕಡಕ್ ರೊಟ್ಟಿ, ಕಬ್ಬು..."

"ಕಬ್ಬು ತಿಂದ್ರಾ!"

"ತಿಂದೆ ರೀ." ಯಮನಪ್ಪ ನಾಲಿಗೆಯಿಂದ ಹಲ್ಲುಗಳ ಮುಂದೆ ತಡಕಿದ. "ಯಾವ ಹಲ್ಲು ಅಂತ ಈಗ ಹುಡುಕಬೇಕ್ರಿ ಅಕ್ಕಾರ. ಬಾಯಾಗ ಹಲ್ಲು ಅದಾವು ಅನ್ನೋದ ಮರತು ಬಿಟ್ಟೀನಿ."

"ಹೇಳಿ ಹೋಗಬಾರದೇನ್ರಿ?"

"ನೋವು ಇದ್ರ ನೆನಪಿರತಿತ್ತು," ಎಂದ ಅವನು, ತಪ್ಪು ಮಾಡಿದವನ ಹಾಗೆ.

ಅವನು ಮತ್ತೆ ಸನಾದಿಯನ್ನು ತುಟಿಗಿಟ್ಟ.

ನೀಲಾ ಆಶ್ರಮಕ್ಕೆ ಮರಳಿದಳು. ಅಜ್ಜಾರು ಪಡಸಾಲೆಯಲ್ಲಿ ಕುರ್ಚಿ ಒರೆಸುತ್ತಿದ್ದರು. ಹೊರಗೆ ಆಗಲೇ ಯಾರೋ ಗಲ್ಲ ಹಿಡಿದುಕೊಂಡು ಬಂದು ಕೂತಿದ್ದರು.

"ನಿಂತೈತಿ, ಅಜ್ಜಾರ," ಎಂದಳು. ಮುಂದೆ ಹೇಳಲು ಆಗಲಿಲ್ಲ. ಎಷ್ಟೋ ವರ್ಷದಿಂದ ಒಳಗೆ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಕಣ್ಣಿಗೆ ಬಂತು. ನಗುವೂ ಬಂತು. ಹೊರಗೆ ಕೂತವರು ನೋಡುತ್ತಿದ್ದಾರೆಂದು ಅವಳು ಗಡಬಡಿಸಿ ಸೆರಗಿನಿಂದ ಕಣ್ಣು ತಿಕ್ಕತೊಡಗಿದಳು.

ಅಜ್ಜಾರು ಕುರ್ಚಿ ಒರೆಸುವುದನ್ನು ನಿಲ್ಲಿಸಲಿಲ್ಲ.

"ಒರಸ್ಕೊ ತಂಗಿ," ಎಂದರು. "ಪೂರಾ ಒಣಗಿಸಬ್ಯಾಡ."